ವಾಚ್‌ಡಾಗ್ ಟೈಮರ್

ವಾಚ್‌ಡಾಗ್ ಟೈಮರ್ ಎಂಬುದು ಕಂಪ್ಯೂಟರಿನ ತಂತ್ರಾಂಶ ಸ್ಥಗಿತಗೊಂಡಾಗ ಅಥವಾ ದಾರಿ ತಪ್ಪಿದಾಗ ಅದನ್ನು ಮನುಷ್ಯರ ನೆರವಿಲ್ಲದೆ ಪತ್ತೆಹಚ್ಚಿ, ವ್ಯವಸ್ಥೆಯನ್ನು ರೀಸೆಟ್ ಮಾಡುವ ಇಲ್ಲವೇ ಸುರಕ್ಷಿತ ಸ್ಥಿತಿಗೆ ಒಯ್ಯುವ ಸ್ವತಂತ್ರ ಕಾಲಮಾಪಕ. ಸರಿಯಾಗಿ ನಡೆಯುತ್ತಿರುವ ತಂತ್ರಾಂಶ ಗೊತ್ತಾದ ಅವಧಿಯೊಳಗೆ ಈ ಕಾಲಮಾಪಕಕ್ಕೆ ಮತ್ತೆ ಮತ್ತೆ ಸಂಕೇತ ಕಳಿಸುತ್ತಿರಬೇಕು. ಪ್ರತಿ ಸಂಕೇತಕ್ಕೂ ಎಣಿಕೆ ಮೊದಲಿನಿಂದ ಶುರುವಾಗುತ್ತದೆ. ಸಂಕೇತ ಬಾರದೆ ಅವಧಿ ಮುಗಿದರೆ ಪ್ರೊಸೆಸರ್ ಕೆಟ್ಟಿದೆಯೆಂದೇ ಭಾವಿಸಿ ಟೈಮರ್ ಅದರ ರೀಸೆಟ್ ತಂತಿಯನ್ನು ಎಳೆಯುತ್ತದೆ. ದೋಷ ಏನು, ಎಲ್ಲಿ ಎಂಬುದು ಅದಕ್ಕೆ ಗೊತ್ತಿರಬೇಕಾಗಿಲ್ಲ; ಸಂಕೇತ ಬಾರದಿರುವುದೇ ಅದಕ್ಕೆ ಸಾಕ್ಷಿ.

ಪರಿಭಾಷೆ

ಈ ಲೇಖನದಲ್ಲಿ ‘ವಾಚ್‌ಡಾಗ್’ ಎಂದರೆ ಯಂತ್ರಾಂಶದಲ್ಲಿ ರಚಿತವಾದ ವಾಚ್‌ಡಾಗ್ ಟೈಮರ್. ತಂತ್ರಾಂಶ ಅದಕ್ಕೆ ಕಳಿಸುವ ಸಂಕೇತ ‘ಕಿಕ್’; ಫೀಡ್, ಪೆಟ್, ಸರ್ವಿಸ್, ರಿಫ್ರೆಶ್ ಎಂಬ ಹೆಸರುಗಳೂ ಇದೇ ಕ್ರಿಯೆಗೆ ಬಳಕೆಯಲ್ಲಿವೆ. ಎರಡು ಕಿಕ್‌ಗಳ ನಡುವೆ ಅನುಮತಿಸಿದ ಗರಿಷ್ಠ ಅವಧಿ ‘ಗಡುವು’. ಪ್ರೊಸೆಸರನ್ನು ಅದರ ಆರಂಭದ ಸ್ಥಿತಿಗೆ ತರುವುದು ‘ರೀಸೆಟ್’, ವಿದ್ಯುತ್ತನ್ನೇ ಕಡಿದು ಮರಳಿ ಕೊಡುವುದು ‘ಪವರ್ ಸೈಕಲ್’. ಇವೆರಡರ ವ್ಯತ್ಯಾಸ ಮುಂದೆ ಮುಖ್ಯವಾಗುತ್ತದೆ. ಮೊಟೊರೊಲಾ ಮೈಕ್ರೊಕಂಟ್ರೋಲರ್‌ಗಳ ಕೈಪಿಡಿಗಳಲ್ಲಿ ವಾಚ್‌ಡಾಗನ್ನು ‘ಸಿಒಪಿ’ ಎಂದೂ ಎಟಿ ಅಂಡ್ ಟಿಯ ಯಂತ್ರಗಳಲ್ಲಿ ‘ಸ್ಯಾನಿಟಿ ಟೈಮರ್’ ಎಂದೂ ಕರೆಯಲಾಗಿದೆ.

ಅಗತ್ಯ

ಕಂಪ್ಯೂಟರ್ ಹ್ಯಾಂಗ್ ಆಗಲು ಕಾರಣಗಳು ಹಲವು. ಮುಗಿಯದ ಲೂಪಿಗೆ ಸಿಕ್ಕಿಕೊಂಡ ಪ್ರೋಗ್ರಾಮ್, ಒಂದು ಇನ್ನೊಂದಕ್ಕಾಗಿ ಕಾಯುತ್ತ ಎರಡೂ ನಿಂತುಹೋಗುವ ಟಾಸ್ಕ್‌ಗಳು, ಸ್ಟ್ಯಾಕ್ ತನ್ನ ಎಲ್ಲೆ ಮೀರಿ ಪಕ್ಕದ ಮೆಮೊರಿಯನ್ನು ಅಳಿಸಿಹಾಕುವುದು, ಉತ್ತರ ಕೊಡದ ಸೆನ್ಸರಿಗಾಗಿ ಕೊನೆಯಿಲ್ಲದೆ ಕಾಯುವುದು ಇವು ತಂತ್ರಾಂಶದ ಕಡೆಯವು. ವಿದ್ಯುತ್ ಒತ್ತಡದ ಕ್ಷಣಿಕ ಕುಸಿತ, ಹತ್ತಿರದ ಮೋಟಾರು ಅಥವಾ ರಿಲೇಯಿಂದ ಬರುವ ವಿದ್ಯುತ್ಕಾಂತೀಯ ಗದ್ದಲ, ಬಾಹ್ಯಾಕಾಶದಲ್ಲಿ ಮೆಮೊರಿಯ ಒಂದು ಬಿಟ್ಟನ್ನು ತಿರುಗಿಸಿಬಿಡುವ ವಿಕಿರಣದ ಕಣ ಇವು ಹೊರಗಿನವು. ಮೇಜಿನ ಮೇಲಿನ ಕಂಪ್ಯೂಟರ್ ನಿಂತರೆ ಬಳಕೆದಾರನೇ ಗುಂಡಿ ಒತ್ತುತ್ತಾನೆ. ಕಂಬದ ಮೇಲಿನ ಸಂವಹನ ಪೆಟ್ಟಿಗೆ, ರೋಗಿಯ ಎದೆಯೊಳಗಿನ ಪೇಸ್‌ಮೇಕರ್, ಮಂಗಳದ ಮೇಲಿನ ರೋವರ್ ಇವುಗಳ ಗುಂಡಿಗೆ ಯಾರ ಕೈಯೂ ಎಟುಕದು. ವಾಚ್‌ಡಾಗ್ ಹುಟ್ಟಿದ್ದು ಇಂಥ ಸ್ಥಳಗಳಿಗಾಗಿ.

ಇತಿಹಾಸ

ಸಂಕೇತ ನಿಂತರೆ ಅಪಾಯವೆಂದು ಬಗೆಯುವ ತತ್ತ್ವ ಕಂಪ್ಯೂಟರಿಗಿಂತ ಹಳೆಯದು. ವಿದ್ಯುತ್ ರೈಲು ಮತ್ತು ಟ್ರಾಮ್‌ಗಳಲ್ಲಿ ಚಾಲಕ ಹಿಡಿಕೆಯಿಂದ ಕೈ ತೆಗೆದೊಡನೆ ಬ್ರೇಕ್ ಬೀಳುವ ‘ಡೆಡ್ ಮ್ಯಾನ್’ ಹಿಡಿಕೆಗಳು ಬಳಕೆಯಲ್ಲಿದ್ದವು. ಭಾರತೀಯ ರೈಲ್ವೆಯ ಎಂಜಿನ್‌ಗಳಲ್ಲಿರುವ ವಿಜಿಲೆನ್ಸ್ ಕಂಟ್ರೋಲ್ ಡಿವೈಸ್ ಇದೇ ಕುಲಕ್ಕೆ ಸೇರಿದ್ದು: ಲೋಕೊ ಪೈಲಟ್ ನಿಗದಿತ ಅವಧಿಯಲ್ಲಿ ಯಾವ ನಿಯಂತ್ರಣವನ್ನೂ ಮುಟ್ಟದಿದ್ದರೆ ಮೊದಲು ಎಚ್ಚರಿಕೆ ಕೊಡುತ್ತದೆ, ಅದಕ್ಕೂ ಪ್ರತಿಕ್ರಿಯೆ ಇಲ್ಲದಿದ್ದರೆ ಬ್ರೇಕ್ ಹಾಕುತ್ತದೆ.

ಕಂಪ್ಯೂಟರಿನಲ್ಲಿ ಈ ತತ್ತ್ವ ಪಕ್ವವಾಗಿ ಕಾಣಿಸಿಕೊಂಡ ಆರಂಭದ ಉದಾಹರಣೆಗಳಲ್ಲಿ 1960ರ ದಶಕದಲ್ಲಿ ಎಂಐಟಿಯ ಇನ್‌ಸ್ಟ್ರುಮೆಂಟೇಶನ್ ಲ್ಯಾಬೊರೇಟರಿ ರೂಪಿಸಿದ ಅಪೊಲೊ ಮಾರ್ಗದರ್ಶಕ ಕಂಪ್ಯೂಟರ್ ಪ್ರಮುಖವಾದುದು. ಅದರಲ್ಲಿ ‘ನೈಟ್ ವಾಚ್‌ಮನ್’ ಎಂಬ ವಿದ್ಯುನ್ಮಂಡಲವಿತ್ತು. ಆಕ್ಟಲ್ ಸಂಖ್ಯೆಯಲ್ಲಿ 67 ಎಂಬ ಮೆಮೊರಿ ವಿಳಾಸವನ್ನು ಪ್ರೋಗ್ರಾಮು ಗೊತ್ತಾದ ಅವಧಿಯಲ್ಲಿ ಒಮ್ಮೆಯಾದರೂ ಮುಟ್ಟದಿದ್ದರೆ ಮಂಡಲ ಕಂಪ್ಯೂಟರನ್ನು ಮರುಪ್ರಾರಂಭಿಸುತ್ತಿತ್ತು. ಈ ಅವಧಿ 0.64 ಸೆಕೆಂಡಿನಿಂದ 1.92 ಸೆಕೆಂಡಿನ ನಡುವೆ ಇರುತ್ತಿತ್ತು. ಆ ವಿಳಾಸದ ಆಯ್ಕೆಯಲ್ಲಿ ವಿನ್ಯಾಸಕಾರರ ಜಾಣ್ಮೆ ಇದೆ. ‘ನ್ಯೂಜಾಬ್’ ಎಂಬ ಹೆಸರಿನ ಆ ಸ್ಥಾನದಲ್ಲಿ ಹೆಚ್ಚಿನ ಆದ್ಯತೆಯ ಕೆಲಸ ಕಾಯುತ್ತಿದೆಯೇ ಎಂಬ ಮಾಹಿತಿ ಇರುತ್ತಿತ್ತು. ಓಡುತ್ತಿರುವ ಪ್ರತಿಯೊಂದು ಕೆಲಸವೂ ಆಗಾಗ ಅದನ್ನು ನೋಡಲೇಬೇಕಿತ್ತು. ಹಾಗಾಗಿ ಕಿಕ್ ಎಂಬುದು ಬೇರೆಯೇ ಒಂದು ವಿಧಿಯಾಗಿರದೆ, ವ್ಯವಸ್ಥೆಯ ಮುಖ್ಯ ಕಾರ್ಯದ ಭಾಗವೇ ಆಗಿತ್ತು. ಕೆಲಸಗಳ ಸರದಿ ಸರಿಯಾಗಿ ನಡೆದರೆ ಮಾತ್ರ ನೈಟ್ ವಾಚ್‌ಮನ್ ಸುಮ್ಮನಿರುತ್ತಿದ್ದ. ಇದೇ ಕಂಪ್ಯೂಟರಿನಲ್ಲಿ ಇಂಟರಪ್ಟ್‌ಗಳು ಅತಿ ದೀರ್ಘವಾಗಿ ನಡೆದರೆ ಅಥವಾ ಬಾರದೇ ಹೋದರೆ ಎಚ್ಚರಿಸುವ ‘ರಪ್ಟ್ ಲಾಕ್’, ನಿಯಂತ್ರಣ ವರ್ಗಾವಣೆಯ ಆದೇಶದಲ್ಲೇ ಪ್ರೋಗ್ರಾಮು ಸಿಕ್ಕಿಕೊಂಡರೆ ಹಿಡಿಯುವ ‘ಟಿಸಿ ಟ್ರ್ಯಾಪ್’ ಎಂಬ ಪ್ರತ್ಯೇಕ ಕಾವಲುಗಳೂ ಇದ್ದವು.

1969ರ ಜುಲೈ 20ರಂದು ಅಪೊಲೊ 11 ಚಂದ್ರನ ಮೇಲೆ ಇಳಿಯುವಾಗ ಕಾಣಿಸಿದ 1202 ಮತ್ತು 1201 ಎಚ್ಚರಿಕೆಗಳನ್ನು ವಾಚ್‌ಡಾಗಿನ ಕೆಲಸವೆಂದು ಕೆಲವೆಡೆ ಬರೆಯಲಾಗುತ್ತದೆ. ಅದು ತಪ್ಪು. ಕೆಲಸಗಳಿಗೆ ಮೀಸಲಾದ ಮೆಮೊರಿ ತುಂಬಿಹೋದಾಗ ತಂತ್ರಾಂಶವೇ ಬುದ್ಧಿಪೂರ್ವಕವಾಗಿ ಕರೆದ ಮರುಪ್ರಾರಂಭಗಳು ಅವು. ಆದರೂ ಮರುಪ್ರಾರಂಭದ ನಂತರ ಮುಖ್ಯ ಕೆಲಸಗಳನ್ನು ನಿಂತಲ್ಲಿಂದಲೇ ಮುಂದುವರಿಸುವ ವ್ಯವಸ್ಥೆ ಎರಡು ಸಂದರ್ಭಕ್ಕೂ ಒಂದೇ ಆಗಿತ್ತು, ಮತ್ತು ಆ ದಿನ ಇಳಿಕೆ ನಿಲ್ಲದೆ ಸಾಗಿದ್ದು ಅದರಿಂದಲೇ.

1980ರ ದಶಕದಲ್ಲಿ ವಾಚ್‌ಡಾಗ್ ಮೈಕ್ರೊಕಂಟ್ರೋಲರ್ ಚಿಪ್ಪಿನ ಒಳಗೇ ಬಂತು. ಇಂಟೆಲ್ 8096 ಚಿಪ್ಪಿನಲ್ಲಿ 16 ಬಿಟ್ ಕೌಂಟರ್ ಇತ್ತು. 12 ಮೆಗಾಹರ್ಟ್ಸ್ ಗಡಿಯಾರದಲ್ಲಿ ಅದು ಸುಮಾರು 16 ಮಿಲಿಸೆಕೆಂಡಿಗೆ ತುಂಬಿ ರೀಸೆಟ್ ಮಾಡುತ್ತಿತ್ತು. ಮೊಟೊರೊಲಾ 68ಎಚ್‌ಸಿ11, ಮೈಕ್ರೊಚಿಪ್ಪಿನ ಪಿಐಸಿ ಕುಟುಂಬಗಳೂ ಇದನ್ನು ಅಳವಡಿಸಿಕೊಂಡವು. ಪಿಐಸಿಯಲ್ಲಿ ಮೂಲ ಗಡುವು ಸುಮಾರು 18 ಮಿಲಿಸೆಕೆಂಡು. ಗಡಿಯಾರದ ವೇಗವನ್ನು ಭಾಗಿಸುವ ಪ್ರಿಸ್ಕೇಲರ್ ಬಳಸಿದರೆ 2.3 ಸೆಕೆಂಡಿನವರೆಗೆ ಹಿಗ್ಗುತ್ತದೆ. ಮುಂದೆ ಇದು ಬಹುತೇಕ ಎಲ್ಲ ಮೈಕ್ರೊಕಂಟ್ರೋಲರ್‌ಗಳ ಸಾಮಾನ್ಯ ಅಂಗವಾಯಿತು.

ರಚನೆ

ವಾಚ್‌ಡಾಗಿನಲ್ಲಿ ನಾಲ್ಕು ಅಂಗಗಳಿವೆ: ಗಡಿಯಾರದ ಮೂಲ, ಕೌಂಟರ್, ಕಿಕ್ ಸ್ವೀಕರಿಸುವ ದ್ವಾರ ಮತ್ತು ಗಡುವು ಮೀರಿದಾಗ ಹೊರಡುವ ಸಂಕೇತ.

ಗಡಿಯಾರದ ಮೂಲ ಪ್ರೊಸೆಸರಿನ ಗಡಿಯಾರದಿಂದ ಬೇರೆಯಾಗಿರಬೇಕು. ಮುಖ್ಯ ಸ್ಫಟಿಕವೇ ನಿಂತುಹೋದಾಗ ಅದರಿಂದಲೇ ನಡೆಯುವ ವಾಚ್‌ಡಾಗ್ ಕೂಡ ನಿಂತುಬಿಡುತ್ತದೆ, ಎಣಿಕೆ ಎಂದೂ ಮುಗಿಯುವುದಿಲ್ಲ. ಅದಕ್ಕಾಗಿ ಹೆಚ್ಚಿನ ಚಿಪ್ಪುಗಳಲ್ಲಿ ವಾಚ್‌ಡಾಗಿಗೆಂದೇ ಕಡಿಮೆ ವೇಗದ ಒಳ ಆಂದೋಲಕ ಇರುತ್ತದೆ. ಆರ್ಡುಯಿನೊ ಯುನೊ ಫಲಕದಲ್ಲಿರುವ ಎಟಿಮೆಗಾ328ಪಿ ಚಿಪ್ಪಿನಲ್ಲಿ ಇದು 128 ಕಿಲೋಹರ್ಟ್ಸ್. ಗಡುವನ್ನು 16 ಮಿಲಿಸೆಕೆಂಡಿನಿಂದ 8 ಸೆಕೆಂಡಿನವರೆಗೆ ಆರಿಸಬಹುದು.

ಕಿಕ್ ಸ್ವೀಕರಿಸುವ ದ್ವಾರ ಸುಲಭವಾಗಿ ತೆರೆಯುವಂತಿರಬಾರದು. ದಿಕ್ಕು ತಪ್ಪಿದ ಪ್ರೋಗ್ರಾಮು ಮೆಮೊರಿಯ ಮೇಲೆಲ್ಲ ಏನನ್ನೋ ಬರೆಯುತ್ತ ಹೋಗುವಾಗ ಅಕಸ್ಮಾತ್ತಾಗಿ ಕಿಕ್ ಮಾಡಿಬಿಡುವ ಸಾಧ್ಯತೆ ಇದೆ. ಆದ್ದರಿಂದ ಬಹಳಷ್ಟು ಚಿಪ್ಪುಗಳು ಗೊತ್ತಾದ ಕೀಲಿ ಸಂಖ್ಯೆಗಳನ್ನು, ಹಲವೊಮ್ಮೆ ಎರಡನ್ನು ಗೊತ್ತಾದ ಕ್ರಮದಲ್ಲಿ ಕೇಳುತ್ತವೆ. 68ಎಚ್‌ಸಿ11ರಲ್ಲಿ ಹೆಕ್ಸಾಡೆಸಿಮಲ್ 55ನ್ನು ಬರೆದ ಮೇಲೆ ಎಎ ಬರೆಯಬೇಕು. 8096ರಲ್ಲಿ 1ಇ ನಂತರ ಇ1. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಂಎಸ್‌ಪಿ430 ಇನ್ನೂ ಕಟ್ಟುನಿಟ್ಟು: ವಾಚ್‌ಡಾಗ್ ರಿಜಿಸ್ಟರಿಗೆ 5ಎ ಎಂಬ ಗುಪ್ತಸಂಖ್ಯೆಯಿಲ್ಲದೆ ಏನನ್ನು ಬರೆದರೂ ತಕ್ಷಣ ರೀಸೆಟ್. ಆ ಚಿಪ್ಪಿನಲ್ಲಿ ವಿದ್ಯುತ್ ಬಂದೊಡನೆ ವಾಚ್‌ಡಾಗ್ ಚಾಲೂ ಆಗಿರುತ್ತದೆ, ಬೇಡವೆಂದರೆ ಪ್ರೋಗ್ರಾಮೇ ಅದನ್ನು ನಿಲ್ಲಿಸಬೇಕು.

ಒಮ್ಮೆ ಚಾಲೂ ಮಾಡಿದ ವಾಚ್‌ಡಾಗನ್ನು ತಂತ್ರಾಂಶ ನಿಲ್ಲಿಸಲಾಗದಂತೆ ಬೀಗ ಹಾಕುವ ಸೌಲಭ್ಯವೂ ಸಾಮಾನ್ಯ. ಎಸ್‌ಟಿಎಂ32 ಕುಟುಂಬದ ಸ್ವತಂತ್ರ ವಾಚ್‌ಡಾಗ್ ಹೀಗೆಯೇ ಕೆಲಸ ಮಾಡುತ್ತದೆ. ಎಟಿಮೆಗಾ328ಪಿ ಸೇರಿದ ಎವಿಆರ್ ಕುಟುಂಬದ ಚಿಪ್ಪುಗಳಲ್ಲಿ ಫ್ಯೂಸ್ ಬಿಟ್ ಇಟ್ಟು ಅದನ್ನು ಸದಾ ಚಾಲೂ ಇರಿಸಬಹುದು.

ಗಡುವು ಮೀರಿದಾಗ ಹೊರಡುವ ಸಂಕೇತ ನೇರವಾಗಿ ರೀಸೆಟ್ ಮಾಡಬಹುದು, ಮೊದಲು ಇಂಟರಪ್ಟ್ ಕೊಟ್ಟು ಆಮೇಲೆ ರೀಸೆಟ್ ಮಾಡಬಹುದು, ಅಥವಾ ಮೋಟಾರು, ಹೀಟರ್, ವಾಲ್ವ್‌ಗಳ ವಿದ್ಯುತ್ತನ್ನು ಕಡಿಯುವ ರಿಲೇಗೆ ಹೋಗಬಹುದು. ಸುರಕ್ಷತೆ ಮುಖ್ಯವಾದ ಉಪಕರಣಗಳಲ್ಲಿ ಕೊನೆಯದು ಅನಿವಾರ್ಯ. ಪ್ರೊಸೆಸರ್ ಮತ್ತೆ ಏಳುವವರೆಗೆ ಹೀಟರ್ ಉರಿಯುತ್ತಲೇ ಇದ್ದರೆ ರೀಸೆಟ್ ಆಗಿಯೂ ಅಪಾಯ ತಪ್ಪಿದಂತಾಗುವುದಿಲ್ಲ.

ಗಡುವಿನ ಆಯ್ಕೆ

ಗಡುವು ತೀರಾ ಚಿಕ್ಕದಾದರೆ ಆರೋಗ್ಯವಾಗಿರುವ ವ್ಯವಸ್ಥೆಯೇ ವಿನಾಕಾರಣ ರೀಸೆಟ್ ಆಗುತ್ತದೆ. ತೀರಾ ದೊಡ್ಡದಾದರೆ ಕೆಟ್ಟ ವ್ಯವಸ್ಥೆ ಅಷ್ಟು ಹೊತ್ತು ನಿಯಂತ್ರಣವಿಲ್ಲದೆ ಓಡುತ್ತದೆ. ಮೇಲಿನ ಮಿತಿಯನ್ನು ನಿಯಂತ್ರಿಸಲಾಗುವ ಯಂತ್ರ ಹೇಳುತ್ತದೆ: ನಿಯಂತ್ರಣ ತಪ್ಪಿದ ಮೇಲೆ ಹಾನಿಯಾಗುವ ಮೊದಲು ಎಷ್ಟು ಸಮಯವಿದೆ ಎಂಬುದೇ ಆ ಮಿತಿ. ಕೆಳಗಿನ ಮಿತಿಯನ್ನು ತಂತ್ರಾಂಶದ ಅತ್ಯಂತ ನಿಧಾನದ ಸುತ್ತು ಹೇಳುತ್ತದೆ. ಸರಾಸರಿ ಸುತ್ತನ್ನು ಲೆಕ್ಕಕ್ಕೆ ಹಿಡಿಯುವುದು ಸಲ್ಲದು. ಫ್ಲ್ಯಾಶ್ ಮೆಮೊರಿಯ ಒಂದು ಭಾಗವನ್ನು ಅಳಿಸುವಂಥ ಅಪರೂಪದ ನಿಧಾನ ಕೆಲಸಗಳೂ ಇದರಲ್ಲಿ ಸೇರಬೇಕು.

ಒಳ ಆಂದೋಲಕದ ಅನಿಖರತೆ ಈ ಲೆಕ್ಕದಲ್ಲಿ ಹಲವರಿಗೆ ಮರೆತುಹೋಗುವ ಅಂಶ. ಎಸ್‌ಟಿಎಂ32ಎಫ್1 ಸರಣಿಯಲ್ಲಿ ಇದರ ಘೋಷಿತ ಆವರ್ತನ 40 ಕಿಲೋಹರ್ಟ್ಸ್, ಆದರೆ ಚಿಪ್ಪಿನಿಂದ ಚಿಪ್ಪಿಗೆ ಅದು 30ರಿಂದ 60ರವರೆಗೆ ಬದಲಾಗಬಹುದು. ಪ್ರಿಸ್ಕೇಲರ್ 64, ಎಣಿಕೆ 625 ಎಂದು ಇಟ್ಟರೆ 40 ಕಿಲೋಹರ್ಟ್ಸಿನಲ್ಲಿ ಗಡುವು ಸರಿಯಾಗಿ 1 ಸೆಕೆಂಡು. ಅದೇ ಸಂಖ್ಯೆಗಳಿಗೆ 60 ಕಿಲೋಹರ್ಟ್ಸಿನಲ್ಲಿ 0.67 ಸೆಕೆಂಡು, 30 ಕಿಲೋಹರ್ಟ್ಸಿನಲ್ಲಿ 1.33 ಸೆಕೆಂಡು ಬರುತ್ತದೆ. 0.8 ಸೆಕೆಂಡಿಗೊಮ್ಮೆ ಕಿಕ್ ಮಾಡುವ ಪ್ರೋಗ್ರಾಮು ಪ್ರಯೋಗಾಲಯದ ಚಿಪ್ಪಿನಲ್ಲಿ ನಿರಾತಂಕವಾಗಿ ಓಡಿ, ಕಾರ್ಖಾನೆಯಿಂದ ಬಂದ ಇನ್ನೊಂದು ಚಿಪ್ಪಿನಲ್ಲಿ ಕಾರಣ ತಿಳಿಯದಂತೆ ರೀಸೆಟ್ ಆಗುತ್ತ ಇರುವುದು ಹೀಗೆ.

ಬಗೆಗಳು

ಒಳ ಮತ್ತು ಹೊರ ವಾಚ್‌ಡಾಗ್: ಒಳ ವಾಚ್‌ಡಾಗ್ ಪ್ರೊಸೆಸರಿರುವ ಚಿಪ್ಪಿನಲ್ಲೇ ಇರುತ್ತದೆ, ಅದಕ್ಕೆ ಬೇರೆ ಖರ್ಚಿಲ್ಲ. ಆದರೆ ಆ ಚಿಪ್ಪಿನ ವಿದ್ಯುತ್ ಸಂಪರ್ಕ ಅಥವಾ ಸಿಲಿಕಾನ್ ಕೆಟ್ಟರೆ ಕಾವಲೂ ಜೊತೆಗೇ ಕೆಡುತ್ತದೆ. ಹೊರ ವಾಚ್‌ಡಾಗ್ ಪ್ರತ್ಯೇಕ ಚಿಪ್ಪು. ಮ್ಯಾಕ್ಸಿಮ್ ಕಂಪನಿಯ ಮ್ಯಾಕ್ಸ್690 ಕುಟುಂಬ ಇದರಲ್ಲಿ ಹೆಸರಾದದ್ದು: 1.6 ಸೆಕೆಂಡಿನ ಗಡುವಿನ ಜೊತೆಗೆ ವಿದ್ಯುತ್ ಒತ್ತಡದ ಮೇಲ್ವಿಚಾರಣೆಯನ್ನೂ ಒಂದೇ ಚಿಪ್ಪು ಮಾಡುತ್ತದೆ. ಡಲ್ಲಾಸ್ ಸೆಮಿಕಂಡಕ್ಟರಿನ ಡಿಎಸ್1232ರಲ್ಲಿ ಒಂದು ಪಿನ್ನಿನ ಜೋಡಣೆಯಿಂದಲೇ 150 ಮಿಲಿಸೆಕೆಂಡು, 600 ಮಿಲಿಸೆಕೆಂಡು ಅಥವಾ 1.2 ಸೆಕೆಂಡು ಎಂಬ ಮೂರು ಗಡುವುಗಳಲ್ಲಿ ಒಂದನ್ನು ಆರಿಸಬಹುದು. ಪ್ರೋಗ್ರಾಮು ಎಷ್ಟೇ ಕೆಟ್ಟರೂ ತಂತಿಯಲ್ಲಿ ನಿಗದಿಯಾದ ಈ ಗಡುವನ್ನು ಬದಲಿಸಲಾರದು.

ವಿಂಡೊ ವಾಚ್‌ಡಾಗ್: ಸರಳ ವಾಚ್‌ಡಾಗಿಗೆ ಕಿಕ್ ತಡವಾಗಬಾರದು ಎಂಬ ಒಂದೇ ನಿಯಮ. ವಿಂಡೊ ವಾಚ್‌ಡಾಗಿನಲ್ಲಿ ಕಿಕ್ ಬೇಗನೆ ಬಂದರೂ ತಪ್ಪು. ಕಿಕ್ ಆದೇಶವೇ ಒಳಗಿರುವ ಚಿಕ್ಕ ಲೂಪಿನಲ್ಲಿ ಪ್ರೋಗ್ರಾಮು ಸಿಕ್ಕಿಕೊಂಡರೆ ಸರಳ ವಾಚ್‌ಡಾಗ್ ಮೋಸಹೋಗುತ್ತದೆ. ವಿಂಡೊ ವಾಚ್‌ಡಾಗ್ ಹೋಗುವುದಿಲ್ಲ. ಎಸ್‌ಟಿಎಂ32ರಲ್ಲಿ ಎರಡೂ ಇವೆ. ಅಲ್ಲಿನ ಸ್ವತಂತ್ರ ವಾಚ್‌ಡಾಗ್ ತನ್ನದೇ ಆಂದೋಲಕದಿಂದ ನಡೆದರೆ, 7 ಬಿಟ್ ಕೌಂಟರಿನ ವಿಂಡೊ ವಾಚ್‌ಡಾಗ್ ಬಸ್ ಗಡಿಯಾರದಿಂದ ನಡೆಯುತ್ತದೆ. ಒಂದಕ್ಕೆ ಸ್ವಾತಂತ್ರ್ಯ ಹೆಚ್ಚು, ಇನ್ನೊಂದಕ್ಕೆ ನಿಖರತೆ ಹೆಚ್ಚು. ಎರಡನ್ನೂ ಒಟ್ಟಿಗೆ ಬಳಸುವುದು ಉತ್ತಮ.

ಬಹುಹಂತದ ವಾಚ್‌ಡಾಗ್: ಮೊದಲ ಗಡುವಿಗೆ ಇಂಟರಪ್ಟ್, ಎರಡನೆಯದಕ್ಕೆ ರೀಸೆಟ್. ನಡುವಿನ ಅವಧಿಯಲ್ಲಿ ಪ್ರೋಗ್ರಾಮು ಎಲ್ಲಿ ನಿಂತಿತ್ತು ಎಂಬ ಮಾಹಿತಿಯನ್ನು ಉಳಿಸಿಕೊಳ್ಳಬಹುದು. ಆರ್ಮ್ ಸರ್ವರ್‌ಗಳ ಮಾನಕದಲ್ಲಿರುವ ವಾಚ್‌ಡಾಗ್ ಎರಡು ಹಂತದ್ದು. ಮುಕ್ತ ವಿನ್ಯಾಸದ ಓಪನ್‌ಟೈಟನ್ ಚಿಪ್ಪಿನಲ್ಲಿ ಮೊದಲ ಹಂತಕ್ಕೆ ‘ಬಾರ್ಕ್’, ಎರಡನೆಯದಕ್ಕೆ ‘ಬೈಟ್’ ಎಂದು ಹೆಸರು.

ಪ್ರಶ್ನೋತ್ತರ ವಾಚ್‌ಡಾಗ್: ಇದು ಪ್ರೊಸೆಸರಿಗೆ ಪ್ರತಿಬಾರಿಯೂ ಒಂದು ಸಂಖ್ಯೆ ಕೊಟ್ಟು ಅದಕ್ಕೆ ತಕ್ಕ ಉತ್ತರವನ್ನು ಗಡುವಿನೊಳಗೆ ಕೇಳುತ್ತದೆ. ಉತ್ತರ ಲೆಕ್ಕಹಾಕಲು ಪ್ರೊಸೆಸರ್ ನಿಜಕ್ಕೂ ಸರಿಯಾಗಿ ಕೆಲಸ ಮಾಡುತ್ತಿರಬೇಕು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮತ್ತು ಇನ್ಫಿನಿಯಾನ್ ಕಂಪನಿಗಳ ವಾಹನೋಪಯೋಗಿ ವಿದ್ಯುತ್ ನಿರ್ವಹಣಾ ಚಿಪ್ಪುಗಳಲ್ಲಿ ಈ ಬಗೆ ಕಾಣಸಿಗುತ್ತದೆ.

ತಂತ್ರಾಂಶ ವಾಚ್‌ಡಾಗ್: ಆಪರೇಟಿಂಗ್ ಸಿಸ್ಟಂನೊಳಗೆ ಒಂದು ಪ್ರೋಗ್ರಾಮು ಇನ್ನೊಂದನ್ನು ಕಾಯುವುದು. ವಿಂಡೋಸ್ ವಿಸ್ಟಾದಿಂದ ಈಚೆಗೆ ಗ್ರಾಫಿಕ್ಸ್ ಪ್ರೊಸೆಸರ್ 2 ಸೆಕೆಂಡು ಪ್ರತಿಕ್ರಿಯಿಸದಿದ್ದರೆ ಅದನ್ನಷ್ಟೇ ಮರುಪ್ರಾರಂಭಿಸುವ ವ್ಯವಸ್ಥೆ ಈ ಜಾತಿಯದು. ಕಾಯುವ ಪ್ರೋಗ್ರಾಮು, ಕಾಯಿಸಿಕೊಳ್ಳುವ ಪ್ರೋಗ್ರಾಮು ಎರಡೂ ಒಂದೇ ಕರ್ನಲಿನ ಆಶ್ರಯದಲ್ಲಿರುವುದರಿಂದ ಇದು ಯಂತ್ರಾಂಶದ ವಾಚ್‌ಡಾಗಿಗೆ ಪೂರಕವೇ ಹೊರತು ಬದಲಿಯಲ್ಲ.

ಕಿಕ್ ಮಾಡುವ ಸ್ಥಳ

ವಾಚ್‌ಡಾಗಿನ ಬೆಲೆ ನಿರ್ಧಾರವಾಗುವುದು ಇಲ್ಲಿ. ಕಿಕ್ ಎಂಬುದು ವ್ಯವಸ್ಥೆ ಆರೋಗ್ಯವಾಗಿದೆ ಎಂಬ ಸಾಕ್ಷ್ಯ. ಸಾಕ್ಷ್ಯ ಸುಳ್ಳಾದರೆ ಎಂಥ ಉತ್ತಮ ಚಿಪ್ಪು ಇಟ್ಟರೂ ಕಾವಲು ವ್ಯರ್ಥ.

ಅತ್ಯಂತ ಸಾಮಾನ್ಯ ತಪ್ಪೆಂದರೆ ಟೈಮರ್ ಇಂಟರಪ್ಟಿನೊಳಗೆ ಕಿಕ್ ಮಾಡುವುದು. ಪ್ರೋಗ್ರಾಮಿನ ಮುಖ್ಯ ಭಾಗ ಸತ್ತಿದ್ದರೂ ಟೈಮರ್ ಇಂಟರಪ್ಟ್ ಮಾತ್ರ ಕ್ರಮವಾಗಿ ಬರುತ್ತಲೇ ಇರಬಹುದು. ಆಗ ವಾಚ್‌ಡಾಗಿಗೆ ಏನೂ ತಿಳಿಯುವುದಿಲ್ಲ. ಗಡುವು ಮೀರೀತೆಂಬ ಭಯದಲ್ಲಿ ಪ್ರೋಗ್ರಾಮಿನ ಹತ್ತಾರು ಕಡೆ ಕಿಕ್ ಹರಡುವುದು ಇನ್ನೊಂದು ತಪ್ಪು. ಹಾಗೆ ಮಾಡಿದಾಗ ಯಾವ ತಪ್ಪು ಲೂಪಿನಲ್ಲಿಯೂ ಒಂದು ಕಿಕ್ ಸಿಕ್ಕಿಬಿಡುತ್ತದೆ.

ಹಲವು ಟಾಸ್ಕ್‌ಗಳಿರುವ ವ್ಯವಸ್ಥೆಯಲ್ಲಿ ಒಪ್ಪಿತವಾದ ಕ್ರಮ ಹೀಗಿದೆ. ಮೋಟಾರು ನಿಯಂತ್ರಣ 10 ಮಿಲಿಸೆಕೆಂಡಿಗೊಮ್ಮೆ, ಸೆನ್ಸರ್ ಓದು 100 ಮಿಲಿಸೆಕೆಂಡಿಗೊಮ್ಮೆ, ಸಂವಹನ 1 ಸೆಕೆಂಡಿಗೊಮ್ಮೆ ನಡೆಯುತ್ತದೆ ಎನ್ನೋಣ. ಪ್ರತಿ ಟಾಸ್ಕ್ ತನ್ನ ಸುತ್ತು ಮುಗಿದಾಗ ತನ್ನ ಎಣಿಕೆಯನ್ನು ಒಂದು ಹೆಚ್ಚಿಸುತ್ತದೆ. ಮೇಲ್ವಿಚಾರಕ ಟಾಸ್ಕ್ ಗೊತ್ತಾದ ಅವಧಿಗೊಮ್ಮೆ ಎಲ್ಲ ಎಣಿಕೆಗಳನ್ನು ನೋಡಿ, ಪ್ರತಿಯೊಂದೂ ನಿರೀಕ್ಷಿತ ಮಿತಿಯಲ್ಲಿ ಬೆಳೆದಿದ್ದರೆ ಮಾತ್ರ ಕಿಕ್ ಮಾಡುತ್ತದೆ. ಕಿಕ್ ಆದೇಶ ಇಡೀ ಪ್ರೋಗ್ರಾಮಿನಲ್ಲಿ ಒಂದೇ ಕಡೆ ಇರುತ್ತದೆ. ವಾಹನಗಳ ತಂತ್ರಾಂಶಕ್ಕಾಗಿ ಇರುವ ಆಟೊಸಾರ್ ಮಾನಕ ಇದನ್ನು ಇನ್ನೂ ಮುಂದೆ ಒಯ್ದು, ಟಾಸ್ಕ್ ಬದುಕಿದೆಯೇ, ಎರಡು ಬಿಂದುಗಳ ನಡುವಿನ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯಿತೇ, ಹಂತಗಳು ಸರಿಯಾದ ಕ್ರಮದಲ್ಲಿ ನಡೆದವೇ ಎಂಬ ಮೂರು ಬಗೆಯ ಮೇಲ್ವಿಚಾರಣೆಯನ್ನು ವಿವರಿಸುತ್ತದೆ.

ರೀಸೆಟ್ ನಂತರ

ರೀಸೆಟ್ ಆದ ಕಾರಣವನ್ನು ಹೆಚ್ಚಿನ ಚಿಪ್ಪುಗಳು ಒಂದು ರಿಜಿಸ್ಟರಿನಲ್ಲಿ ಗುರುತು ಮಾಡಿಡುತ್ತವೆ. ಪ್ರೋಗ್ರಾಮು ಎದ್ದೊಡನೆ ಅದನ್ನು ಓದಿ, ದಾಖಲಿಸಿ, ಅಳಿಸಬೇಕು. ಈ ದಾಖಲೆ ಇಲ್ಲದಿದ್ದರೆ ವಾಚ್‌ಡಾಗ್ ದಿನಕ್ಕೆ ಹಲವು ಬಾರಿ ಒಂದೇ ದೋಷವನ್ನು ಮುಚ್ಚಿಹಾಕುತ್ತಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ.

ಎದ್ದೇಳಲು ಬೇಕಾದ ಸಮಯವೂ ಗಡುವಿನ ಲೆಕ್ಕಕ್ಕೆ ಸೇರುತ್ತದೆ. ಎಟಿಮೆಗಾ328ಪಿಯಲ್ಲಿ ವಾಚ್‌ಡಾಗ್ ರೀಸೆಟ್ ಆದ ಮೇಲೂ ವಾಚ್‌ಡಾಗ್ ಚಾಲೂ ಇದ್ದು, ಗಡುವು ಅತಿ ಚಿಕ್ಕದಾದ 16 ಮಿಲಿಸೆಕೆಂಡಿಗೆ ಇಳಿದಿರುತ್ತದೆ. ಬೂಟ್‌ಲೋಡರ್ ಅದನ್ನು ಕೂಡಲೇ ನಿಲ್ಲಿಸದಿದ್ದರೆ ಎದ್ದೇಳುವ ಮೊದಲೇ ಮತ್ತೆ ರೀಸೆಟ್, ಮತ್ತೆ ರೀಸೆಟ್. ಹಳೆಯ ಆರ್ಡುಯಿನೊ ಫಲಕಗಳು ವಾಚ್‌ಡಾಗ್ ಬಳಸಿದಾಗ ಹೀಗೆ ಸಿಕ್ಕಿಬೀಳುತ್ತಿದ್ದವು.

ಪ್ರೊಸೆಸರ್ ರೀಸೆಟ್ ಆದರೂ ಸುತ್ತಲಿನ ಚಿಪ್ಪುಗಳು ಆಗಿರುವುದಿಲ್ಲ. 16 ಮೆಗಾಬೈಟಿಗಿಂತ ದೊಡ್ಡ ಎಸ್‌ಪಿಐ ಫ್ಲ್ಯಾಶ್ ಮೆಮೊರಿಯನ್ನು 4 ಬೈಟ್ ವಿಳಾಸದ ಕ್ರಮಕ್ಕೆ ತಂದ ಮೇಲೆ ರೀಸೆಟ್ ಬಂದರೆ, 3 ಬೈಟ್ ವಿಳಾಸದಿಂದ ಓದಲು ಹೊರಟ ಬೂಟ್ ರೋಮಿಗೆ ಸಿಗುವುದು ಅರ್ಥವಿಲ್ಲದ ದತ್ತಾಂಶ. ಯಂತ್ರ ಏಳುವುದೇ ಇಲ್ಲ. ಐ2ಸಿ ಬಸ್ಸಿನ ಮೇಲೆ ಅರ್ಧಕ್ಕೆ ನಿಂತ ಸೆನ್ಸರ್ ದತ್ತಾಂಶದ ತಂತಿಯನ್ನು ಕೆಳಕ್ಕೆ ಹಿಡಿದುಕೊಂಡೇ ಇರಬಹುದು. ಇವೆರಡಕ್ಕೂ ಪರಿಹಾರ ಒಂದೇ: ವಾಚ್‌ಡಾಗಿನ ಸಂಕೇತವನ್ನು ಆ ಚಿಪ್ಪುಗಳ ರೀಸೆಟ್ ಪಿನ್ನಿಗೂ ಜೋಡಿಸಬೇಕು, ಇಲ್ಲವೇ ಇಡೀ ಫಲಕವನ್ನು ಪವರ್ ಸೈಕಲ್ ಮಾಡಬೇಕು.

ಶಾಶ್ವತ ದೋಷವಿದ್ದರೆ ರೀಸೆಟ್ ಮುಗಿಯದ ಚಕ್ರವಾಗುತ್ತದೆ. ಯು-ಬೂಟ್ ಎಂಬ ಬೂಟ್‌ಲೋಡರ್ ಇದಕ್ಕಾಗಿ ಬೂಟ್ ಆದ ಸಂಖ್ಯೆಯನ್ನು ಎಣಿಸುತ್ತದೆ. ಮಿತಿ ದಾಟಿದರೆ ಬದಲಿ ಆದೇಶವನ್ನು ಅನುಸರಿಸಿ ಹಳೆಯ, ನಂಬಿಕಸ್ತ ತಂತ್ರಾಂಶದ ಪ್ರತಿಯಿಂದ ಏಳಲು ಅವಕಾಶ ಕೊಡುತ್ತದೆ. ದೂರದಿಂದಲೇ ತಂತ್ರಾಂಶ ಬದಲಿಸುವ ಉಪಕರಣಗಳಲ್ಲಿ ವಾಚ್‌ಡಾಗ್ ಮತ್ತು ಎರಡು ಪ್ರತಿಗಳ ಈ ಜೋಡಿ ಅತ್ಯಗತ್ಯ.

ಸರ್ವರ್ ಮತ್ತು ಲಿನಕ್ಸ್

ಇಂಟೆಲ್ ಆಧಾರಿತ ಅನೇಕ ಕಂಪ್ಯೂಟರುಗಳ ಚಿಪ್‌ಸೆಟ್ಟಿನಲ್ಲಿ ಟಿಸಿಒ ಎಂಬ ವಾಚ್‌ಡಾಗ್ ಇದೆ. ಸತತ ಎರಡು ಬಾರಿ ಗಡುವು ಮೀರಿದ ಮೇಲೆ ಅದು ಯಂತ್ರವನ್ನು ರೀಸೆಟ್ ಮಾಡುತ್ತದೆ. ಸರ್ವರ್‌ಗಳಲ್ಲಿ ಮುಖ್ಯ ಪ್ರೊಸೆಸರಿನಿಂದ ಬೇರೆಯಾದ ನಿರ್ವಹಣಾ ಕಂಟ್ರೋಲರ್ ಇರುತ್ತದೆ. ಇಂಟೆಲ್, ಎಚ್‌ಪಿ, ಎನ್‌ಇಸಿ, ಡೆಲ್ ಕಂಪನಿಗಳು 1998ರಲ್ಲಿ ಪ್ರಕಟಿಸಿದ ಐಪಿಎಂಐ ಮಾನಕದ ವಾಚ್‌ಡಾಗ್ ಅಲ್ಲಿ ನೆಲೆಸಿದೆ. ಅದರ ಎಣಿಕೆಯ ಘಟಕ 100 ಮಿಲಿಸೆಕೆಂಡು. ಗಡುವು ಮೀರಿದಾಗ ಸುಮ್ಮನಿರುವುದು, ರೀಸೆಟ್, ಪವರ್ ಆಫ್, ಪವರ್ ಸೈಕಲ್ ಎಂಬ ನಾಲ್ಕರಲ್ಲಿ ಒಂದನ್ನು ಆರಿಸಬಹುದು.

ಲಿನಕ್ಸ್ ಕರ್ನಲ್ ಇಂಥ ಎಲ್ಲ ಯಂತ್ರಾಂಶಗಳನ್ನೂ ‘ವಾಚ್‌ಡಾಗ್’ ಎಂಬ ಒಂದೇ ಸಾಧನ ಕಡತವಾಗಿ ತೋರಿಸುತ್ತದೆ. ಪ್ರೋಗ್ರಾಮು ಕಡತವನ್ನು ತೆರೆದೊಡನೆ ಎಣಿಕೆ ಶುರು. ಅದಕ್ಕೆ ಏನು ಬರೆದರೂ ಕಿಕ್. ಮುಚ್ಚುವ ಮೊದಲು ದೊಡ್ಡಕ್ಷರದ ‘ವಿ’ ಬರೆದರೆ ಮಾತ್ರ ವಾಚ್‌ಡಾಗ್ ನಿಲ್ಲುವ ಏರ್ಪಾಡು ಬಹುತೇಕ ಡ್ರೈವರುಗಳಲ್ಲಿದೆ. ಪ್ರೋಗ್ರಾಮು ಕುಸಿದು ಕಡತ ತಾನಾಗಿ ಮುಚ್ಚಿಕೊಂಡಾಗ ಎಣಿಕೆ ಮುಂದುವರಿಯಲೆಂಬುದು ಇದರ ಉದ್ದೇಶ. ‘ನೋವೇಔಟ್’ ಆಯ್ಕೆ ಇಟ್ಟರೆ ಆ ಅಕ್ಷರಕ್ಕೂ ಮನ್ನಣೆ ಇಲ್ಲ. ಲಿನಕ್ಸಿನಲ್ಲಿ ಸೇವೆಗಳನ್ನು ನಡೆಸುವ ಸಿಸ್ಟಂಡಿ 2012ರಿಂದ ತಾನೇ ಯಂತ್ರಾಂಶದ ವಾಚ್‌ಡಾಗಿಗೆ ಕಿಕ್ ಕೊಡುತ್ತ, ತನ್ನ ಕೆಳಗಿನ ಒಂದೊಂದು ಸೇವೆಯಿಂದಲೂ ಪ್ರತ್ಯೇಕ ಸಂಕೇತ ಕೇಳುವ ಸೌಲಭ್ಯ ಕೊಟ್ಟಿದೆ. ಹೀಗೆ ಸೇವೆಯನ್ನು ಸಿಸ್ಟಂಡಿ, ಸಿಸ್ಟಂಡಿಯನ್ನು ಯಂತ್ರಾಂಶ ಕಾಯುವ ಸರಪಳಿ ಏರ್ಪಡುತ್ತದೆ. ರಾಸ್ಪ್‌ಬೆರಿ ಪೈ ಫಲಕಗಳ ಪ್ರೊಸೆಸರಿನಲ್ಲಿಯೂ ವಾಚ್‌ಡಾಗ್ ಇದ್ದು, ಅದರ ಗರಿಷ್ಠ ಗಡುವು ಸುಮಾರು 15 ಸೆಕೆಂಡು.

ಹಲವು ಸರ್ವರ್‌ಗಳು ಒಂದೇ ದತ್ತಾಂಶವನ್ನು ಹಂಚಿಕೊಳ್ಳುವ ಕ್ಲಸ್ಟರ್‌ಗಳಲ್ಲಿ ವಾಚ್‌ಡಾಗಿನ ಪಾತ್ರ ಬೇರೆ. ಸಂಪರ್ಕ ಕಳೆದುಕೊಂಡ ಸರ್ವರ್ ಇನ್ನೂ ಡಿಸ್ಕಿಗೆ ಬರೆಯುತ್ತಿದ್ದರೆ ದತ್ತಾಂಶ ಹಾಳಾಗುತ್ತದೆ. ಪೇಸ್‌ಮೇಕರ್ ಎಂಬ ಕ್ಲಸ್ಟರ್ ತಂತ್ರಾಂಶದ ಎಸ್‌ಬಿಡಿ ವ್ಯವಸ್ಥೆಯಲ್ಲಿ ಅಂಥ ಸರ್ವರ್ ತನ್ನ ಯಂತ್ರಾಂಶ ವಾಚ್‌ಡಾಗಿಗೆ ಕಿಕ್ ನಿಲ್ಲಿಸಿ ತಾನೇ ರೀಸೆಟ್ ಆಗುತ್ತದೆ. ಉಳಿದವು ಗಡುವು ಕಳೆದ ಮೇಲೆ ನಿಶ್ಚಿಂತೆಯಿಂದ ಕೆಲಸ ವಹಿಸಿಕೊಳ್ಳುತ್ತವೆ.

ಬಾಹ್ಯಾಕಾಶ

ವಾಚ್‌ಡಾಗ್ ಇದ್ದೂ ಬಳಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕ್ಲೆಮೆಂಟೈನ್ ನೌಕೆಯೇ ದಾಖಲೆ. ನೇವಲ್ ರಿಸರ್ಚ್ ಲ್ಯಾಬೊರೇಟರಿ ನಿರ್ಮಿಸಿದ ಈ ನೌಕೆ 1994ರ ಜನವರಿ 25ರಂದು ಹಾರಿ, ಚಂದ್ರನ ನಕ್ಷೆ ತಯಾರಿಸುವ ಕೆಲಸ ಮುಗಿಸಿ, ಜಿಯೊಗ್ರಾಫೋಸ್ ಕ್ಷುದ್ರಗ್ರಹದ ಕಡೆ ಹೊರಡುವುದರಲ್ಲಿತ್ತು. ಮೇ 7ರಂದು ಅದರ ಕಂಪ್ಯೂಟರ್ ಸ್ಥಗಿತಗೊಂಡು, ದಿಕ್ಕು ಸರಿಪಡಿಸುವ ಥ್ರಸ್ಟರ್‌ಗಳು 11 ನಿಮಿಷ ಉರಿದವು. ಭೂಕೇಂದ್ರದಿಂದ ಕಳಿಸಿದ ಯಂತ್ರಾಂಶ ರೀಸೆಟ್ ಅದನ್ನು ಎಬ್ಬಿಸುವ ವೇಳೆಗೆ ಇಂಧನ ಮುಗಿದು, ನೌಕೆ ನಿಮಿಷಕ್ಕೆ ಸುಮಾರು 80 ಸುತ್ತಿನಂತೆ ತಿರುಗುತ್ತಿತ್ತು. ಪ್ರೊಸೆಸರಿನಲ್ಲಿ ವಾಚ್‌ಡಾಗ್ ಇತ್ತು; ಅದನ್ನು ಬಳಸುವ ತಂತ್ರಾಂಶವನ್ನು ಬರೆದಿರಲಿಲ್ಲ. ಕ್ಷುದ್ರಗ್ರಹದ ಭೇಟಿ ಕೈಬಿಡಬೇಕಾಯಿತು.

1997ರ ಜುಲೈ 4ರಂದು ಮಂಗಳದ ಮೇಲಿಳಿದ ಪಾಥ್‌ಫೈಂಡರ್‌ನ ಕತೆ ಇದರ ಮರುಮುಖ. ಅಲ್ಲಿ ದತ್ತಾಂಶ ಹಂಚುವ ಟಾಸ್ಕ್ ಹೊತ್ತಿಗೆ ಮುಗಿಯದಿದ್ದರೆ ಅದನ್ನು ಗಮನಿಸಿ ಕಂಪ್ಯೂಟರನ್ನು ರೀಸೆಟ್ ಮಾಡುವ ತಪಾಸಣೆ ಇತ್ತು. ಕಡಿಮೆ ಆದ್ಯತೆಯ ಹವಾಮಾನ ಟಾಸ್ಕ್ ಹಿಡಿದಿದ್ದ ಬೀಗಕ್ಕಾಗಿ ಹೆಚ್ಚಿನ ಆದ್ಯತೆಯ ಟಾಸ್ಕ್ ಕಾಯುವಂತಾಗಿ, ನಡುವಣ ಆದ್ಯತೆಯವು ಓಡುತ್ತಲೇ ಇದ್ದುದರಿಂದ ಗಡುವು ತಪ್ಪುತ್ತಿತ್ತು. ನೌಕೆ ಮತ್ತೆ ಮತ್ತೆ ರೀಸೆಟ್ ಆಯಿತಾದರೂ ಪ್ರತಿಬಾರಿಯೂ ಸುರಕ್ಷಿತವಾಗಿ ಎದ್ದಿತು. ಎಂಜಿನಿಯರುಗಳು ಭೂಮಿಯ ಮೇಲಿನ ಪ್ರತಿಕೃತಿಯಲ್ಲಿ ಕಾರಣ ಹುಡುಕಿ, ಆ ಬೀಗಕ್ಕೆ ಆದ್ಯತೆಯ ಆನುವಂಶಿಕತೆಯನ್ನು, ಅಂದರೆ ಬೀಗ ಹಿಡಿದ ಟಾಸ್ಕಿಗೆ ಕಾಯುವ ಟಾಸ್ಕಿನ ಆದ್ಯತೆ ಸಿಗುವ ವ್ಯವಸ್ಥೆಯನ್ನು, ಚಾಲೂ ಮಾಡಿ ಸರಿಪಡಿಸಿದರು.

2004ರ ಜನವರಿ 21ರಂದು ಮಂಗಳದ ಮೇಲಿದ್ದ ಸ್ಪಿರಿಟ್ ರೋವರ್ ಮರುಪ್ರಾರಂಭದ ಚಕ್ರಕ್ಕೆ ಸಿಕ್ಕಿತು. ಫ್ಲ್ಯಾಶ್ ಮೆಮೊರಿಯಲ್ಲಿ ಕಡತಗಳು ಹೆಚ್ಚಾಗಿ, ಅವುಗಳ ಪಟ್ಟಿಗೆ ಬೇಕಾದ ಮೆಮೊರಿ ಸಾಲದೆ ಪ್ರತಿಬಾರಿಯೂ ಬೂಟ್ ವಿಫಲವಾಗುತ್ತಿತ್ತು. ಫ್ಲ್ಯಾಶನ್ನು ಮುಟ್ಟದೆ ಏಳುವ ಕ್ರಮ ಮೊದಲೇ ಇದ್ದುದರಿಂದ ರೋವರ್ ಉಳಿಯಿತು. ಮಂಗಳದ ಮೇಲೆಯೇ ಇಂಜೆನ್ಯುಯಿಟಿ ಹೆಲಿಕಾಪ್ಟರಿನ ರೋಟರ್‌ಗಳನ್ನು 2021ರ ಏಪ್ರಿಲ್ 9ರಂದು ಪೂರ್ಣ ವೇಗದಲ್ಲಿ ಪರೀಕ್ಷಿಸುವಾಗ, ಹಾರಾಟದ ಸ್ಥಿತಿಗೆ ಬದಲಾಗುವ ಹಂತದಲ್ಲಿ ವಾಚ್‌ಡಾಗ್ ಗಡುವು ಮೀರಿ ಆದೇಶಗಳ ಸರಣಿ ನಿಂತಿತು. ಇಲ್ಲಿ ವಾಚ್‌ಡಾಗ್ ಮಾಡಿದ್ದು ಮುಂದಿನ ಹೆಜ್ಜೆಯನ್ನು ತಡೆಯುವ ಕೆಲಸ. ಮೊದಲ ಹಾರಾಟ ಏಪ್ರಿಲ್ 19ರಂದು ನಡೆಯಿತು.

ಭೂಮಿಯಿಂದ ಆದೇಶ ಬಾರದೆ ಬಹುಕಾಲವಾದರೆ ತನ್ನ ರಿಸೀವರೇ ಕೆಟ್ಟಿದೆಯೆಂದು ಬಗೆಯುವ ‘ಕಮಾಂಡ್ ಲಾಸ್ ಟೈಮರ್’ ದೂರದ ನೌಕೆಗಳಲ್ಲಿರುತ್ತದೆ. ಅದರ ಗಡುವು ದಿನಗಳ ಲೆಕ್ಕದ್ದು. 1978ರ ಏಪ್ರಿಲ್‌ನಲ್ಲಿ ವಾಯೇಜರ್ 2 ಇದರಿಂದಾಗಿ ಬದಲಿ ರಿಸೀವರಿಗೆ ಹೊರಳಿತ್ತು.

ಮಿತಿಗಳು

ವಾಚ್‌ಡಾಗ್ ಪತ್ತೆಮಾಡುವುದು ನಿಂತುಹೋದದ್ದನ್ನು. ಹೊತ್ತಿಗೆ ಸರಿಯಾಗಿ ತಪ್ಪು ಉತ್ತರ ಕೊಡುವ ಪ್ರೋಗ್ರಾಮನ್ನು ಅದು ಹಿಡಿಯಲಾರದು. ಹಠಾತ್ ರೀಸೆಟ್‌ನಿಂದ ಬರೆಯುತ್ತಿದ್ದ ಕಡತ ಅರ್ಧಕ್ಕೆ ನಿಲ್ಲಬಹುದು, ಆದ್ದರಿಂದ ಕಡತ ವ್ಯವಸ್ಥೆಯೂ ಇದನ್ನು ತಾಳುವಂತಿರಬೇಕು. ದೋಷ ತಿದ್ದುವಾಗ ಪ್ರೊಸೆಸರನ್ನು ನಡುವೆ ನಿಲ್ಲಿಸಿದರೆ ವಾಚ್‌ಡಾಗ್ ರೀಸೆಟ್ ಮಾಡುತ್ತದೆಂದು ಅದನ್ನು ತಾತ್ಕಾಲಿಕವಾಗಿ ಕಳಚಿ, ಮತ್ತೆ ಜೋಡಿಸಲು ಮರೆತು ಮಾರುಕಟ್ಟೆಗೆ ಬಿಡುವುದೂ ಉಂಟು. ಬಿಡುಗಡೆಯ ಮುನ್ನ ಪ್ರೋಗ್ರಾಮನ್ನು ಬೇಕೆಂದೇ ಹ್ಯಾಂಗ್ ಮಾಡಿ, ವ್ಯವಸ್ಥೆ ತಾನಾಗಿ ಎದ್ದು ನಿಲ್ಲುತ್ತದೆಯೇ ಎಂದು ಪರೀಕ್ಷಿಸುವುದೊಂದೇ ಇದಕ್ಕೆ ಖಾತರಿ.

ಸದ್ಯದ ಸ್ಥಿತಿ

ಇಂದು ರೌಟರ್, ವಿದ್ಯುತ್ ಮೀಟರ್, ಕಾರಿನ ಬ್ರೇಕ್ ನಿಯಂತ್ರಕ, ಇನ್‌ಫ್ಯೂಷನ್ ಪಂಪ್, ಕಾರ್ಖಾನೆಯ ಪಿಎಲ್‌ಸಿ, ಉಪಗ್ರಹ ಇವೆಲ್ಲದರಲ್ಲಿಯೂ ವಾಚ್‌ಡಾಗ್ ಇದೆ. ಲಿನಕ್ಸ್ ಕರ್ನಲಿನಲ್ಲಿ ಅದಕ್ಕಾಗಿ ನೂರಕ್ಕೂ ಹೆಚ್ಚು ಡ್ರೈವರುಗಳಿವೆ. ವಾಹನಗಳಿಗೆ ಐಎಸ್‌ಒ 26262, ಕೈಗಾರಿಕಾ ಸುರಕ್ಷತೆಗೆ ಐಇಸಿ 61508 ಮಾನಕಗಳು ಪ್ರೋಗ್ರಾಮಿನ ಓಟದ ಮೇಲ್ವಿಚಾರಣೆಯನ್ನು ಚರ್ಚಿಸುತ್ತವೆ. ಐಇಸಿ 61508ರ ಪ್ರಕಾರ ಪ್ರತ್ಯೇಕ ಗಡಿಯಾರವಿದ್ದೂ ವಿಂಡೊ ಇಲ್ಲದ ವಾಚ್‌ಡಾಗಿನ ಪತ್ತೆಹಚ್ಚುವ ಸಾಮರ್ಥ್ಯ ಕೆಳಮಟ್ಟದ್ದು, ವಿಂಡೊ ಇರುವುದರದು ಮಧ್ಯಮ ಮಟ್ಟದ್ದು; ಸಮಯ ಮತ್ತು ಹಂತಗಳ ಕ್ರಮ ಎರಡನ್ನೂ ಒಟ್ಟಿಗೆ ಪರಿಶೀಲಿಸುವ ಮೇಲ್ವಿಚಾರಣೆಗೆ ಮಾತ್ರ ಉನ್ನತ ಮಟ್ಟದ ಸ್ಥಾನ.